ಒಗ್ಗರಣೆಯಷ್ಟೇ ಹಾಕಬೇಕಿತ್ತು

ಬೆಳಿಗ್ಗೆ ಆರಕ್ಕೆ ಶೆಡ್ಡಿಗೆ ಹೋದಾಗ ಫೀಡರ್‌ಗಳೆಲ್ಲ ತುಂಬಿಯೇ ಇದ್ದವು. ರಾತ್ರಿ ಹಾಕಿದ ಫೀಡ್ ಹಾಗೇ ಇತ್ತು, ಮೇಲೆ ತೆಳ್ಳಗೆ ಹಸಿರು ಪುಡಿ. ಕೋಳಿಗಳು ಗೋಡೆ ಬದಿಗೆ ಕೂತಿದ್ದವು. ಒಂದನ್ನು ಹಿಡಿದು ಕತ್ತಿನ ಬುಡದ ಕಾಳಿನ ಚೀಲ ಒತ್ತಿ ನೋಡಿದೆ. ಖಾಲಿ. ಎದೆ ಧಸಕ್ಕೆಂದಿತು.

ಕೋಲಾರದ ಕಡೆ ನಮ್ಮದು 1,500 ಬ್ರಾಯ್ಲರ್ ಕೋಳಿಗಳ ಸ್ವಂತ ಶೆಡ್. ಕಂಪನಿ ಕಾಂಟ್ರ್ಯಾಕ್ಟ್ ಅಲ್ಲ, ಹಾಗಾಗಿ ಫೀಡ್‌ಗೆ ಏನು ಬೆರೆಸಬೇಕು ಅನ್ನೋದು ನಮ್ಮ ಕೈಯಲ್ಲೇ ಇದೆ. ಮೊದಲೆಲ್ಲ ಮರಿ ಇಳಿಸಿದ ದಿನದಿಂದಲೇ ನೀರಿಗೆ ಆ್ಯಂಟಿಬಯೋಟಿಕ್ ಹಾಕುವ ರೂಢಿಯಿತ್ತು. ರೋಗ ಇರಲಿ ಬಿಡಲಿ, ಸುಮ್ನೆ ಹಾಕೋದು. 2019ರಲ್ಲಿ ಸರ್ಕಾರ ಕೋಳಿ, ದನಗಳಿಗೆಲ್ಲ ಕೊಲಿಸ್ಟಿನ್ ಅನ್ನೋ ಆ್ಯಂಟಿಬಯೋಟಿಕ್ ಕೊಡೋದನ್ನೇ ನಿಲ್ಲಿಸಿತು. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಿದ್ದಾಗ ಆಸ್ಪತ್ರೆಯಲ್ಲಿ ಕೊಡುವ ಔಷಧಿ ಅದು ಅಂತ ತಿಳಿದ ಮೇಲೆ ನನಗೆ ಆ ರೂಢಿಯೇ ಬೇಡವಾಯಿತು. ನಮ್ಮ ಮನೆ ಮಕ್ಕಳು ತಿನ್ನೋದೂ ಇದೇ ಕೋಳಿ ಅಲ್ವಾ?

ಅದಕ್ಕೇ ಬೇವಿನ ಸೊಪ್ಪಿಗೆ ಕೈ ಹಾಕಿದ್ದೆ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, 50 ಕೆ.ಜಿ. ಮೂಟೆಗೆ 2 ಕೆ.ಜಿ. ಬೆರೆಸಿದೆ. ಸೊಪ್ಪು ತಾನೇ, ಜಾಸ್ತಿಯಾದರೆ ಏನಾಗುತ್ತೆ ಅಂದುಕೊಂಡಿದ್ದೆ.

ಫೋನ್ ಮಾಡಿದಾಗ ಪಶುವೈದ್ಯರು ಹೇಳಿದ ಮಾತು ಇನ್ನೂ ನೆನಪಿದೆ: "ಒಗ್ಗರಣೆಗೆ ಹಾಕೋದನ್ನ ಅನ್ನದಷ್ಟು ಹಾಕಿದ್ದೀರಲ್ರೀ." ಕೋಳಿಗೆ ಮೆಣಸಿನಕಾಯಿಯ ಖಾರ ತಟ್ಟುವುದಿಲ್ಲ, ಆದರೆ ಕಹಿ ಚೆನ್ನಾಗಿ ಗೊತ್ತಾಗುತ್ತದಂತೆ. ಫೀಡರ್‌ಗಳನ್ನೆಲ್ಲ ಖಾಲಿ ಮಾಡಿ, ಒರೆಸಿ, ಬೇರೆ ಫೀಡ್ ಹಾಕಿದೆವು. ಹತ್ತು ನಿಮಿಷದಲ್ಲಿ ಮುಗಿಬಿದ್ದು ತಿಂದವು. ಅವತ್ತು ಮರಿ ಇಳಿಸಿ 18ನೇ ದಿನ. ದಿನಕ್ಕೆ 55–60 ಗ್ರಾಂ ತೂಕ ಏರಬೇಕಾದ ವಯಸ್ಸಲ್ಲಿ ಒಂದು ರಾತ್ರಿ ಪೂರ್ತಿ ಉಪವಾಸ ಹಾಕಿದ್ದೆ.

ಮುಂದಿನ ಬ್ಯಾಚ್‌ಗೆ ಶೆಡ್ಡಿನ ಮಧ್ಯೆ ಮೆಶ್ ಕಟ್ಟಿದೆ. ಪೂರ್ವದ ಅರ್ಧಕ್ಕೆ ಮಾತ್ರ ಅರಿಶಿನ, ಬೆಳ್ಳುಳ್ಳಿ ಪುಡಿ, ಮೂಟೆಗೆ ತಲಾ 250 ಗ್ರಾಂ. ಅಂಗಡಿಯ ಅರಿಶಿನದಲ್ಲಿ ಬಣ್ಣ ಬೆರೆತಿರಬಹುದೆಂದು ಕೊಂಬು ತಂದು ಮಿಲ್ಲಲ್ಲಿ ಬೀಸಿಸಿದೆ. ಪುಡಿಯನ್ನು ನೇರವಾಗಿ ಮೂಟೆಗೆ ಸುರಿಯಬಾರದು. ಮೊದಲು ಎರಡು ಮೂರು ಕೆ.ಜಿ. ಫೀಡ್ ಜೊತೆ ಕೈಯಾರೆ ಉಜ್ಜಿ, ಆಮೇಲೆ ಅದನ್ನು ಉಳಿದದ್ದಕ್ಕೆ ಕಲಸಬೇಕು. ಇಲ್ಲದಿದ್ದರೆ ಒಂದು ಫೀಡರ್‌ಗೆ ಪುಡಿಯೆಲ್ಲ ಹೋಗಿ ಇನ್ನೊಂದಕ್ಕೆ ಏನೂ ಇರುವುದಿಲ್ಲ. ಒಂದು ತಿಂಗಳು ನನ್ನ ಉಗುರು ಹಳದಿಯಾಗೇ ಇತ್ತು.

22ನೇ ದಿನ ಹಿಕ್ಕೆಯಲ್ಲಿ ರಕ್ತ ಕಂಡಿತು. ಕಾಕ್ಸಿಡಿಯೋಸಿಸ್, ಕೋಳಿಯ ಕರುಳಿಗೆ ಪರಾವಲಂಬಿ ಜೀವಿಯಿಂದ ಬರುವ ರೋಗ. ಅರಿಶಿನ ತಿಂದ ಪಾಲಲ್ಲೂ ಇತ್ತು, ತಿನ್ನದ ಪಾಲಲ್ಲೂ ಇತ್ತು. ಇನ್ನೆರಡು ದಿನ ನೋಡೋಣ ಅನ್ನಲಿಲ್ಲ. ಡಾಕ್ಟರು ಹೇಳಿದ ಔಷಧಿಯನ್ನು ಎರಡೂ ಕಡೆ ನೀರಲ್ಲಿ ಕೊಟ್ಟೆ, ನೆಲದ ಮೇಲಿನ ಒದ್ದೆಯಾದ ಹೊಟ್ಟನ್ನು ತೆಗೆದು ಒಣ ಭತ್ತದ ಹೊಟ್ಟು ಹರಡಿದೆ. ಅರಿಶಿನವನ್ನು ನಂಬಿ ಇಂಥ ರೋಗಕ್ಕೆ ಕಾಯುತ್ತಾ ಕೂತರೆ ಕೋಳಿ ಉಳಿಯುವುದಿಲ್ಲ. ಔಷಧಿ ಕೊಟ್ಟ ಮೇಲೆ ಮಾರಲು ಎಷ್ಟು ದಿನ ಬಿಡಬೇಕೋ ಅಷ್ಟೂ ದಿನ ಬಿಟ್ಟೆ.

38ನೇ ದಿನ ಎರಡೂ ಕಡೆಯಿಂದ ಐವತ್ತೈವತ್ತು ಕೋಳಿ ತೂಗಿದೆವು. ಪೂರ್ವದ ಪಾಲು ಸರಾಸರಿ 2.08 ಕೆ.ಜಿ., ಇನ್ನೊಂದು 2.02. ಹೆಂಡತಿ ಖುಷಿಯಿಂದ ಪುಸ್ತಕದಲ್ಲಿ ಬರೆದಳು. ನನಗೆ ಮಾತ್ರ ಪೂರ್ತಿ ಸಮಾಧಾನವಾಗಲಿಲ್ಲ. ನೀರಿನ ಟ್ಯಾಂಕ್ ಇರೋದು ಪಶ್ಚಿಮದ ತುದಿಗೆ. ಅಲ್ಲಿ ಡ್ರಿಂಕರ್ ಸೋರಿ ನೆಲ ಯಾವಾಗಲೂ ಹಸಿ. ಆ 60 ಗ್ರಾಂ ಅರಿಶಿನದಿಂದ ಬಂತೋ, ಒಣ ನೆಲದಿಂದ ಬಂತೋ?

ಈ ಬ್ಯಾಚಲ್ಲಿ ಸೋರುವ ಡ್ರಿಂಕರ್‌ಗಳನ್ನು ರಿಪೇರಿ ಮಾಡಿಸಿ, ಅರಿಶಿನವನ್ನು ಪಶ್ಚಿಮದ ಪಾಲಿಗೆ ಬದಲಾಯಿಸಿದ್ದೇನೆ. ಇವತ್ತು 26ನೇ ದಿನ. ತೂಗಲು ಇನ್ನು ಹನ್ನೆರಡು ದಿನ ಇದೆ.