ತಾಟೆ ಓಡಿಸುವ ಬ್ಯಾಟರಿ

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಬ್ಯಾಟರಿ, ಇನ್ವರ್ಟರ್ ಅಂಗಡಿ. ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಹೈಡ್ರೋಮೀಟರ್, ಅವಧಿ ಮುಗಿದ ವಾರಂಟಿ ಕಾರ್ಡುಗಳು, ಟರ್ಮಿನಲ್ಲಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿಯ ಡಬ್ಬಿ. ಇವುಗಳ ನಡುವೆ ಕೇರೆ ಹಾವಿನಂತೆ ಸುರುಳಿ ಸುತ್ತಿಕೊಂಡ ವಸ್ತುವೊಂದು ಮಲಗಿದೆ. ನೋಡಿದವರು ಅದೇನೆಂದು ಕೇಳುತ್ತಾರೆ. ಶಾರ್ಕ್ ಓಡಿಸುವ ಮೆಷಿನ್ ಎಂದರೆ ನಗುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ನಗದೆ, "ಇಲಿಗೂ ಆಗುತ್ತದೆಯೇ?" ಎಂದು ವಿಚಾರಿಸಿದ್ದರು.

ಅದನ್ನು ತಂದುಕೊಟ್ಟವನು ಪರ್ತ್‌ನಲ್ಲಿರುವ ನನ್ನ ದೊಡ್ಡಮ್ಮನ ಮಗ. ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಸ್ಕೂಬಾ ಕಲಿತೆನೆಂದು ತಿಳಿದಾಗ ಮನೆಯವರೆಲ್ಲ ತಲೆ ಚಚ್ಚಿಕೊಂಡರೆ ಅಣ್ಣನೊಬ್ಬ ಖುಷಿಪಟ್ಟ. ಅವನೂ ಮುಳುಗುವವನೇ. ಕಳೆದ ವರ್ಷ ಊರಿಗೆ ಬಂದಾಗ ಚೀಲದಿಂದ ಇದನ್ನು ತೆಗೆದು, "ನಗಬೇಡ ತಮ್ಮಾ, ನಮ್ಮಲ್ಲಿ ಸರ್ಕಾರವೇ ಇದಕ್ಕೆ ದುಡ್ಡು ಕೊಟ್ಟಿದೆ" ಎಂದ. ಸುಳ್ಳಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಸರ್ಕಾರ 2017ರಲ್ಲಿ ಇಂತಹ ಸಾಧನ ಕೊಂಡವರಿಗೆ 200 ಡಾಲರ್ ಸಹಾಯಧನ ಕೊಡುವ ಯೋಜನೆ ತಂದಿತ್ತು. ಇನ್ವರ್ಟರಿಗೂ ಹಾಗೊಂದು ಯೋಜನೆ ಬಂದಿದ್ದರೆ ನಾನು ಇಷ್ಟು ಹೊತ್ತಿಗೆ ಎರಡನೇ ಅಂಗಡಿ ತೆರೆದಿರುತ್ತಿದ್ದೆ.

ಉಳಿದವರಿಗೆ ಅದು ಆಟಿಕೆಯಂತೆ ಕಂಡಿರಬಹುದು, ನನಗೆ ಅದು ಬ್ಯಾಟರಿ. ಬಿಚ್ಚಿ ನೋಡದೆ ಇರಲು ಆಗಲಿಲ್ಲ. ಒಳಗಿರುವುದು ದೊಡ್ಡ ವಿದ್ಯೆಯಲ್ಲ. ರೀಚಾರ್ಜ್ ಮಾಡುವ ಸೆಲ್, ಅದರಿಂದ ಬಿಟ್ಟು ಬಿಟ್ಟು ಮಿಡಿತ ಹೊರಡಿಸುವ ಸರ್ಕ್ಯೂಟ್, ಹಿಂದೆ ಬಾಲದಂತೆ ಎಳೆದುಕೊಂಡು ಹೋಗುವ ಎರಡು ಮೀಟರಿಗೂ ಉದ್ದದ ಆಂಟೆನಾ. ಆಂಟೆನಾದ ಮೇಲೆ ಎರಡು ಎಲೆಕ್ಟ್ರೋಡ್. ನೀರಿಗೆ ಇಳಿದಾಗ ಒಂದರಿಂದ ಇನ್ನೊಂದಕ್ಕೆ ಉಪ್ಪುನೀರಿನ ಮೂಲಕ ಕರೆಂಟ್ ಹರಿಯುತ್ತದೆ. ಅಷ್ಟೇ. ಇದರ ಮೂಲ ದಕ್ಷಿಣ ಆಫ್ರಿಕಾದ ನಟಾಲ್ ಶಾರ್ಕ್ಸ್ ಬೋರ್ಡ್ 1990ರ ದಶಕದಲ್ಲಿ ರೂಪಿಸಿದ ಯಂತ್ರದಲ್ಲಿದೆ.

ವಿದ್ಯೆ ಇರುವುದು ಶಾರ್ಕಿನ ಮೂತಿಯಲ್ಲಿ. ಇದನ್ನು ಪರೀಕ್ಷಿಸಲು ನಾನು ಬೆಳಗಿನ ಜಾವ ಮಲ್ಪೆ ಬಂದರಿಗೆ ಹೋದೆ. ಬೋಟಿನಿಂದ ಇಳಿದ ಕ್ರೇಟುಗಳಲ್ಲಿ ಬಂಗುಡೆ, ರಾಣಿ ಮೀನಿನ ಪಕ್ಕದಲ್ಲಿ ತಾಟೆ ಇದ್ದವು. ಪೇಟೆಯ ಓದುಗರಿಗೆ ಹೇಳಬೇಕಾದರೆ, ತಾಟೆ ಎಂದರೆ ಶಾರ್ಕ್. ನಮ್ಮ ಪಶ್ಚಿಮ ಕರಾವಳಿಯ ಬಲೆಗೆ ಹೆಚ್ಚಾಗಿ ಬೀಳುವುದು ಸಲಿಕೆಯಂತೆ ಚಪ್ಪಟೆ ಮೂತಿಯ ಸಣ್ಣ ಜಾತಿ. ಬೆಳೆದರೂ ಎರಡೂವರೆ ಅಡಿ ದಾಟುವುದು ಕಷ್ಟ. ಒಂದನ್ನು ಎತ್ತಿಕೊಂಡು ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಸೂಜಿಯಿಂದ ಚುಚ್ಚಿದಂತಿದ್ದ ಸಣ್ಣ ರಂಧ್ರಗಳಿಂದ ತಿಳಿಯಾದ ಲೋಳೆ ಹೊರಬಂತು. ನನ್ನ ಡಬ್ಬಿಯಲ್ಲಿರುವ ಜೆಲ್ಲಿಯೇ ಎನ್ನಬೇಕು, ಆದರೆ ಗುಣ ತದ್ವಿರುದ್ಧ. ನನ್ನದು ತೇವವನ್ನು ಟರ್ಮಿನಲ್ಲಿನ ಹತ್ತಿರ ಬಿಡುವುದಿಲ್ಲ. ತಾಟೆಯದು ವಿದ್ಯುತ್ತನ್ನು ಒಳಗಿನ ನರದವರೆಗೆ ಕರೆದೊಯ್ಯುತ್ತದೆ. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಈ ರಂಧ್ರಗಳನ್ನು ವರ್ಣಿಸಿದ್ದ, ಇಂದಿಗೂ ಅವಕ್ಕೆ ಅವನದೇ ಹೆಸರು. ಆದರೆ ಅವು ಯಾತಕ್ಕೆ ಎನ್ನುವುದು ಗೊತ್ತಾಗಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

1971ರಲ್ಲಿ ಏಡ್ರಿಯಾನಸ್ ಕಾಲ್ಮೈನ್ ಎಂಬ ವಿಜ್ಞಾನಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ನಮ್ಮ ನಂಗಿನಂತಹ ಚಪ್ಪಟೆ ಮೀನೊಂದನ್ನು ತೊಟ್ಟಿಯ ಮರಳಿನಡಿ ಹುಗಿದು, ಅದರ ಮೇಲೆ ಅಗರ್‌ನ ಗೂಡು ಮುಚ್ಚಿದ. ಅಗರ್ ಎಂದರೆ ನಾವು ಸಿಹಿತಿಂಡಿಗೆ ಬಳಸುವ ಚೈನಾಗ್ರಾಸ್. ಅದು ವಾಸನೆಯನ್ನು ಮೇಲೆ ಬಿಡುವುದಿಲ್ಲ, ವಿದ್ಯುತ್ತನ್ನು ಬಿಡುತ್ತದೆ. ಸಣ್ಣ ಶಾರ್ಕ್ ನೇರವಾಗಿ ಬಂದು ಮೀನಿದ್ದಲ್ಲೇ ಮರಳು ಅಗೆಯಿತು. ಅಗರ್ ಮೇಲೊಂದು ತೆಳ್ಳನೆಯ ಪ್ಲಾಸ್ಟಿಕ್ ಹೊದಿಸಿದಾಗ ಗೊತ್ತೇ ಆಗದೆ ದಾಟಿ ಹೋಯಿತು. ಕೊನೆಗೆ ಮೀನನ್ನೇ ತೆಗೆದು ಬರೀ ಎರಡು ಎಲೆಕ್ಟ್ರೋಡ್ ಹುಗಿದರೆ ಅದಕ್ಕೂ ಬಾಯಿ ಹಾಕಿತು!

ಶಾರ್ಕುಗಳು ಸೆಂಟಿಮೀಟರಿಗೆ 5 ನ್ಯಾನೋವೋಲ್ಟಿನಷ್ಟು ದುರ್ಬಲವಾದ ವಿದ್ಯುತ್ತನ್ನೂ ಗ್ರಹಿಸಬಲ್ಲವು. ಒಂದು ವೋಲ್ಟನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಐದು ಪಾಲು ಎಂದಾಯಿತು. ಬಿಲ್ ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲಿಗೆ ಎರಡು ವಯರ್ ಕೊಟ್ಟು ಒಂದನ್ನು ಮಲ್ಪೆಯಲ್ಲೂ ಇನ್ನೊಂದನ್ನು ಅರಬ್ಬೀ ಸಮುದ್ರದ ಆಚೆ ಏಡನ್‌ನಲ್ಲೂ ಅದ್ದಿ, ಆ ಒಂದೂವರೆ ವೋಲ್ಟನ್ನು ದಾರಿಯುದ್ದಕ್ಕೂ ಸಮನಾಗಿ ಹಂಚಿದರೆ ಸುಮಾರಾಗಿ ಅಷ್ಟೇ ಬರುತ್ತದೆ. ಇಂತಹ ಸೂಕ್ಷ್ಮ ಮೂತಿಯ ಮುಂದೆ ನನ್ನ ಖಾನೆಯ ಯಂತ್ರ ಮಿಡಿಯುವುದೆಂದರೆ ಕಿವಿಯ ಪಕ್ಕದಲ್ಲಿ ಗರ್ನಾಲು ಹೊಡೆದಂತೆ. ಶಾರ್ಕ್ ತಿರುಗಿ ಹೋಗುವುದು ನಮಗೆ ಹೆದರಿ ಅಲ್ಲ, ಗದ್ದಲ ತಾಳಲಾರದೆ. ಆದರೆ ಉಪ್ಪುನೀರಿನಲ್ಲಿ ಈ ಗದ್ದಲ ದೂರ ಹೋಗುವುದಿಲ್ಲ, ಕೆಲವೇ ಮಾರು ದಾಟುವಷ್ಟರಲ್ಲಿ ಸೋತು ಹೋಗುತ್ತದೆ. ಆದ್ದರಿಂದಲೇ ದೂರದ ಶಾರ್ಕುಗಳನ್ನು ಇದು ಕರೆದು ತರುತ್ತದೆ ಎಂದು ಕೆಲವರು ಹೇಳುವ ಮಾತನ್ನು ನಾನು ನಂಬುವುದಿಲ್ಲ.

ಕೆಲಸ ಮಾಡುತ್ತದೆಯೇ? ಗಿರಾಕಿ ನನ್ನನ್ನು ಕೇಳುವ ಮೊದಲ ಪ್ರಶ್ನೆಯೂ ಇದೇ. 2018ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳ ಬಳಿ ದೊಡ್ಡ ಬಿಳಿ ಶಾರ್ಕುಗಳ ಎದುರು ಐದು ಬಗೆಯ ಸಾಧನಗಳನ್ನು ಪರೀಕ್ಷಿಸಿ ಸಂಶೋಧಕರು ವರದಿ ಬರೆದರು. ಸರ್ಫಿಂಗ್ ಹಲಗೆಯ ಕೆಳಗೆ ಆಮಿಷ ಕಟ್ಟಿದ್ದರು. ಯಾವ ಸಾಧನವೂ ಇಲ್ಲದಾಗ ನೂರರಲ್ಲಿ 96 ಸಲ ಆಮಿಷ ಹೋಯಿತು. ಎಲ್ಲಕ್ಕಿಂತ ಚೆನ್ನಾಗಿ ನಡೆದ ವಿದ್ಯುತ್ ಸಾಧನ ಚಾಲೂ ಇದ್ದಾಗ 40 ಸಲ. ಅಯಸ್ಕಾಂತದ ಕೈಪಟ್ಟಿ, ಹಲಗೆಗೆ ಬಳಿಯುವ ವಾಸನೆಯ ಮೇಣ ಇತ್ಯಾದಿಗಳಿಂದ ಹೇಳಿಕೊಳ್ಳುವಂತಹ ಪರಿಣಾಮ ಆಗಲಿಲ್ಲ. ಮುಳುಗುವವರು ಕಟ್ಟಿಕೊಳ್ಳುವ ಬಗೆಯದನ್ನು ಪರೀಕ್ಷಿಸಿದ್ದು 2013ರಲ್ಲಿ ಪ್ರಕಟವಾಗಿದೆ. ಅಲ್ಲಿ ಫಲಿತಾಂಶ ಎರಡು ಬಗೆ. ಒಂದೆಡೆ ನಿಂತ ಆಮಿಷವನ್ನು ಶಾರ್ಕುಗಳು ಸ್ವಲ್ಪ ತಡಮಾಡಿ ತಿಂದವಷ್ಟೆ, ಬಿಡಲಿಲ್ಲ. ದೋಣಿಯ ಹಿಂದೆ ಎಳೆದ ಸೀಲ್ ಆಕಾರದ ಬೊಂಬೆಯ ಮೇಲೆ ನೀರಿನಿಂದ ನೆಗೆದು ಬೀಳುವುದು ಮಾತ್ರ ಬಹಳ ಕಡಿಮೆಯಾಯಿತು.

ಕರೆಂಟ್ ಹೋದ ನೂರು ಸಲದಲ್ಲಿ ನಲವತ್ತು ಸಲ ಕೈಕೊಡುವ ಇನ್ವರ್ಟರನ್ನು ನಾನು ಮಾರಿದರೆ ಗಿರಾಕಿ ಅದನ್ನು ನನ್ನ ತಲೆಯ ಮೇಲೇ ತಂದು ಇಡುತ್ತಾನೆ. ಹೀಗೆಂದು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಮುಳುಗುವುದು ರಾಟ್ನೆಸ್ಟ್ ದ್ವೀಪದ ಸುತ್ತ. 2011ರ ಅಕ್ಟೋಬರಿನಲ್ಲಿ ಅಲ್ಲಿ ಸ್ಕೂಬಾ ಮಾಡುತ್ತಿದ್ದ ಅಮೆರಿಕದವನೊಬ್ಬನನ್ನು ಶಾರ್ಕ್ ಕೊಂದಿದೆ. ಉಳಿದ ಅರವತ್ತು ಸಲದ ಲೆಕ್ಕವನ್ನೂ ಹಾಕು" ಎಂದ. ನಾನು ಸುಮ್ಮನಾದೆ. ಅವನ ನೀರಿನಲ್ಲಿ, ಅದರಲ್ಲೂ ಮೀನಿಗೆ ಈಟಿ ಹೊಡೆದು ರಕ್ತ ಹರಿಸುವವರಿಗೆ, ಹೊಟ್ಟೆಪಾಡಿಗಾಗಿ ದಿನವಿಡೀ ತಳದಲ್ಲಿ ಚಿಪ್ಪು ಆಯುವವರಿಗೆ ಇದು ಬೇಕು. ಹೆಲ್ಮೆಟ್ ಹಾಕಿಕೊಂಡವರೂ ಸಾಯುತ್ತಾರೆ ಎಂದು ಹೆಲ್ಮೆಟ್ ಬಿಸಾಡುವುದಿಲ್ಲವಲ್ಲ.

ಆದರೆ ನಾನು ಮುಳುಗುವುದು ನೇತ್ರಾಣಿ ದ್ವೀಪದ ಬಳಿ. ಉಡುಪಿಯಿಂದ ಮುರ್ಡೇಶ್ವರಕ್ಕೆ ಸುಮಾರು ನೂರು ಕಿಲೋಮೀಟರ್ ಕಾರು, ಅಲ್ಲಿಂದ ಮುಂದೆ ಬೋಟು. ಡಿಸೆಂಬರಿನ ಒಂದು ಭಾನುವಾರ, ಅಣ್ಣ ಕೊಟ್ಟಿದ್ದನ್ನು ಒಮ್ಮೆಯಾದರೂ ಕಟ್ಟಿ ನೋಡೋಣವೆಂದು ಚೀಲಕ್ಕೆ ಹಾಕಿಕೊಂಡೆ. ಡೈವ್ ಮಾಸ್ಟರ್ ಅದನ್ನು ಮೇಲೆ ಕೆಳಗೆ ನೋಡಿ, "ಸರ್, ಜನ ಇಲ್ಲಿಗೆ ಬರುವುದೇ ಶಾರ್ಕ್ ಕಂಡೀತೆಂದು. ನೀವು ಓಡಿಸಲು ಬಂದಿದ್ದೀರಾ?" ಎಂದ. ಬೋಟಿನಲ್ಲಿದ್ದವರೆಲ್ಲ ನಕ್ಕರು. ಹಠಕ್ಕೆ ಬಿದ್ದು ಕಾಲಿಗೆ ಕಟ್ಟಿಯೇ ಇಳಿದೆ.

ನೀರಿನೊಳಗೆ ಜೊತೆಗೆ ಇರಬೇಕಾದವನಿಗೆ ಮುಳುಗುವವರ ಭಾಷೆಯಲ್ಲಿ ಬಡ್ಡಿ (ಇಂಗ್ಲಿಷಿನ buddy) ಎನ್ನುತ್ತಾರೆ. ಸಾಲದ ಬಡ್ಡಿಯಂತೆ ಅವನೂ ಬೆನ್ನು ಬಿಡಬಾರದು. ಅಂದು ನನ್ನ ಬಡ್ಡಿಯಾಗಿದ್ದವನು ಮಣಿಪಾಲದ ಹುಡುಗ, ಮಾತು ಕಡಿಮೆ. ಹನ್ನೆರಡು ಮೀಟರ್ ಆಳದಲ್ಲಿ ಬಂಡೆಯ ಸಂದಿಯ ಪಕ್ಕ ಸಾಗುತ್ತಿದ್ದೆ. ಯಾರೋ ಹಿಂದಿನಿಂದ ಕಾಲು ಹಿಡಿದಂತಾಯಿತು. ತಿರುಗಿ ನೋಡಿದರೆ ಆಂಟೆನಾದ ಬಾಲ ಬಂಡೆಗೆ ಸುತ್ತಿಕೊಂಡಿದ್ದ ಹಳೆಯ ನೈಲಾನ್ ಬಲೆಯ ತುಂಡಿಗೆ ಸಿಕ್ಕಿಹಾಕಿಕೊಂಡಿದೆ. ಒದ್ದೆ. ಮತ್ತೆ ಸುತ್ತಿಕೊಂಡಿತು. ಬಡ್ಡಿ ಬಂದು ಬಿಡಿಸಲು ಬಾಲಕ್ಕೆ ಕೈ ಹಾಕಿದ, ತಕ್ಷಣ ಕೈ ಕೊಡವಿ ಹಿಂದೆ ಸರಿದ. ಆಫ್ ಮಾಡಲು ಮರೆತಿದ್ದೆ! ಅಪಾಯದ ಶಾಕ್ ಅಲ್ಲ, ಮೊಣಕೈ ಗೋಡೆಗೆ ಬಡಿದಾಗ ಜುಮ್ಮೆನ್ನುತ್ತದಲ್ಲ, ಅಂಥದ್ದು. ಅವನ ರೆಗ್ಯುಲೇಟರಿನಿಂದ ಎದ್ದ ಗುಳ್ಳೆಗಳಲ್ಲಿ ನನಗೆ ಬೈಗುಳ ಕೇಳಿಸಿತು. ಸ್ವಿಚ್ ಆರಿಸಿ, ಪಟ್ಟಿ ಬಿಚ್ಚಿ, ಚಾಕುವಿನಿಂದ ಬಲೆ ಕತ್ತರಿಸಿ ಹೊರಬರುವಷ್ಟರಲ್ಲಿ ಸಿಲಿಂಡರಿನ ಗಾಳಿ ಅರ್ಧಕ್ಕಿಂತ ಕೆಳಗಿಳಿದಿತ್ತು. ನನ್ನ ಎದೆ ಹೊಡೆದುಕೊಂಡಿದ್ದು ಶಾರ್ಕಿಗಾಗಿ ಅಲ್ಲ, ಕೈಗೆ ಸಿಕ್ಕ ಎರಡು ಅಡಿ ನೈಲಾನಿಗಾಗಿ.

ಅಂದು ಮಧ್ಯಾಹ್ನ ಎರಡನೇ ಸಲ ಇಳಿದಾಗ ಯಂತ್ರ ಬೋಟಿನಲ್ಲೇ ಉಳಿಯಿತು. ಮರಳಿನ ಮೇಲೆ ಮಲಗಿದ್ದ ತೊರಕೆಯೊಂದು ನಾನು ಹತ್ತಿರ ಹೋಗುವ ತನಕ ಕಣ್ಣು ಮಾತ್ರ ಹೊರಗಿಟ್ಟು ನೋಡುತ್ತಿತ್ತು. ಆಮೇಲೆ ಮರಳು ಕೊಡವಿಕೊಂಡು, ಒಗೆದ ಸೀರೆ ಗಾಳಿಗೆ ಹಾರಿದಂತೆ ಎದ್ದು ಹೋಯಿತು. ತೊರಕೆಯ ಮೂತಿಯಲ್ಲೂ ಅದೇ ಲೋಳೆಯ ರಂಧ್ರಗಳಿವೆ. ಬಾಲ ಕಟ್ಟಿಕೊಂಡು ಹೋಗಿದ್ದರೆ ಅದು ನನ್ನನ್ನು ಅಷ್ಟು ಹತ್ತಿರ ಬಿಡುತ್ತಿತ್ತೇ? ಮೂರು ಸಾವಿರ ರೂಪಾಯಿಯ ಪೆಟ್ರೋಲ್ ಸುಟ್ಟು ನಾನು ಹೋಗುವುದೇ ಇಂತಹವುಗಳನ್ನು ನೋಡಲು.

ಇಡೀ ಜಗತ್ತಿನಲ್ಲಿ ಕೆಣಕದಿದ್ದರೂ ಶಾರ್ಕ್ ಮನುಷ್ಯನನ್ನು ಕಚ್ಚಿದ ಪ್ರಕರಣಗಳು 2024ರಲ್ಲಿ 47 ಎಂದು ಫ್ಲಾರಿಡಾ ವಿಶ್ವವಿದ್ಯಾಲಯದ ದಾಖಲೆ ಹೇಳುತ್ತದೆ. ಮಲ್ಪೆಯಲ್ಲಿ ಅಂದು ಬೆಳಿಗ್ಗೆ ನಾನು ಮೂತಿ ಒತ್ತುತ್ತ ನಿಂತಿದ್ದ ಒಂದೇ ಕ್ರೇಟಿನಲ್ಲಿ ಹತ್ತಿರ ಹತ್ತಿರ ಅಷ್ಟು ತಾಟೆಮರಿಗಳಿದ್ದವು. ತಿಮಿಂಗಿಲ ಶಾರ್ಕನ್ನು ಹಿಡಿಯಬಾರದೆಂದು 2001ರಿಂದ ಕಾನೂನಿದೆ, 2015ರಿಂದ ಶಾರ್ಕ್ ರೆಕ್ಕೆಯ ರಫ್ತಿಗೂ ನಿಷೇಧವಿದೆ. ಈ ಚಪ್ಪಟೆ ಮೂತಿಯವನ್ನು ಕೇಳುವವರು ಯಾರು? ನಾನು ದೊಡ್ಡ ಮಾತಾಡುವಂತಿಲ್ಲ. ತಂಗಿಯ ಬಾಣಂತನದಲ್ಲಿ ಅಮ್ಮ ಕಾಳುಮೆಣಸು ಅರೆದು ಮಾಡಿದ ತಾಟೆಯ ಸಾರನ್ನು ಬಾಣಂತಿಗಿಂತ ಹೆಚ್ಚು ಉಂಡವನು ನಾನೇ.

ಮೀನು ಮಾರುವ ಅಕ್ಕನೊಬ್ಬರಿಗೆ ಯಂತ್ರದ ವಿಷಯ ವಿವರಿಸಿದ್ದೆ. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ: "ಅದನ್ನು ತಾಟೆಗೆ ಕಟ್ಟು ಮಾರಾಯ. ನಮ್ಮ ಬೋಟು ಬಂದಾಗ ಒತ್ತಿಕೊಳ್ಳಲಿ." ಬಂಗುಡೆ ತೂಗುತ್ತ ತಾವೇ ನಕ್ಕರು.

ಅಣ್ಣನಿಗೆ ಬಲೆಯ ಕಥೆ ಇನ್ನೂ ಹೇಳಿಲ್ಲ. ಲಿಥಿಯಂ ಸೆಲ್ ಪೂರ್ತಿ ಖಾಲಿಯಾಗಿ ಬಿದ್ದಿದ್ದರೆ ಕೆಡುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಯಂತ್ರವನ್ನು ಹೊರತೆಗೆದು ಅರ್ಧದಷ್ಟು ಚಾರ್ಜ್ ಮಾಡಿ, ಬಾಲ ಸುತ್ತಿ, ಪುನಃ ಖಾನೆಯಲ್ಲಿಡುತ್ತೇನೆ. ಮುಂದಿನ ಸಲ ಅವನು ಬಂದಾಗ ಜೋಪಾನವಾಗಿ ಹಿಂದಿರುಗಿಸಬೇಕು. ಅವನ ಹಳೆಯದರ ಬ್ಯಾಟರಿ ಈಗ ಒಂದು ಗಂಟೆಯೂ ಬರುವುದಿಲ್ಲವಂತೆ.