ಕಬಡ್ಡಿ ಆಡಿದವನು ಬಾಟಲಿ ಮುಂದೆ ಯಾಕೆ ಬಿದ್ದ?

"ಯಾಕಪಾ, ಅಷ್ಟು ಕಬಡ್ಡಿ ಆಡಿದಾಂವ ನೀ, ಒಂದು ಬಾಟ್ಲಿ ಬಿಡಾಕ ಏಳು ವರ್ಷ ಬೇಕಾತೇನ?"

ಈ ಪ್ರಶ್ನೆ ನನಗೆ ಗದಗ ಬಸ್ ಸ್ಟ್ಯಾಂಡಿನಲ್ಲಿ ಬಂದಿದೆ, ಮದುವೆ ಮನೆಯಲ್ಲಿ ಬಂದಿದೆ, ಒಮ್ಮೆ ಸಾವಿನ ಮನೆಯಲ್ಲೂ ಬಂದಿದೆ. ಕೇಳುವವರು ನಮ್ಮ ಸಭೆಯವರೇ, ಅಂದರೆ ನಮ್ಮ ಚರ್ಚಿನವರೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಗದಗದ ಪಕ್ಕದ ಬೆಟಗೇರಿಗೆ ಬಂದದ್ದು 1841ರಲ್ಲಿ. ಅಷ್ಟು ಹಳೆಯ ಸಭೆ ಅಂದಮೇಲೆ ಯಾರ ಮನೆಯಲ್ಲಿ ಏನು ನಡೆದಿದೆ ಅಂತ ಎಲ್ಲರಿಗೂ ಗೊತ್ತು. ಹೌದು, ಕುಡಿಯುತ್ತಿದ್ದೆ. ಹೌದು, ಬಿಟ್ಟಿದ್ದೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು. ಇನ್ನು ಕೇಳಿದವರಿಗೆ ಇದನ್ನೇ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ.

ಮದುವೆ ಮನೆಯಲ್ಲಿ ಕೇಳಿದ ಹಿರಿಯರ ಕೈಯಲ್ಲಿ ಮೂರನೇ ಜಿಲೇಬಿ ಇತ್ತು. ಅವರ ಶುಗರ್ ಎಷ್ಟಿದೆ ಅಂತಲೂ ಸಭೆಗೆಲ್ಲ ಗೊತ್ತು. ನಾನು ಬಾಯಿ ಬಿಡಲಿಲ್ಲ.

ಹೆಚ್ಚು ಸಿಟ್ಟು ಬಂದದ್ದು ಹುಬ್ಬಳ್ಳಿಯ ಪುರುಷರ ಕೂಟದಲ್ಲಿ. ಭಾಷಣ ಮಾಡಿದವರು ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಕಥೆ ಹೇಳಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್. 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಿತ್ತು, ಅದು ದೇವರ ದಿನ ಅಂತ ಅವನು ಓಡಲಿಲ್ಲ. ಆಮೇಲೆ 400 ಮೀಟರ್ ಓಡಿ, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಒಳ್ಳೆಯ ಕಥೆಯೇ. ಅದಾದ ಮೇಲೆ ಅವರು ನನ್ನ ಕಡೆ ಕೈ ತೋರಿಸಿದರು. "ನಮ್ಮಲ್ಲೂ ಒಬ್ಬ ಆಟಗಾರರಿದ್ದಾರೆ. ಶಿಸ್ತಿನಿಂದ ಶೋಧನೆಯನ್ನು, ಅಂದರೆ ಕೆಟ್ಟದರ ಸೆಳೆತವನ್ನು, ಗೆದ್ದದ್ದು ಹೇಗೆ ಅಂತ ಸಾಕ್ಷಿ ಹೇಳಲಿ."

ಮೈಕ್ ಕೈಗೆ ಬಂತು. ಏನು ಹೇಳಲಿ? ಶಿಸ್ತು ನನಗೆ ಯಾವತ್ತೂ ಕಡಿಮೆ ಇರಲಿಲ್ಲ. ಶಿಸ್ತಿನಿಂದಲೇ ಕುಡಿಯುತ್ತಿದ್ದೆ. ಸಂಜೆ ಏಳಕ್ಕೆ ಸರಿಯಾಗಿ, ಜೇಬಿನಲ್ಲಿ ಏಲಕ್ಕಿ ಇಟ್ಟುಕೊಂಡು. ಭಾನುವಾರ ಮೊದಲ ಗಂಟೆಗೇ ಆರಾಧನೆಗೆ ಹಾಜರ್. "ದೇವರ ಕೃಪೆ" ಅಂತ ಎರಡು ಮಾತು ಹೇಳಿ ಕೂತುಬಿಟ್ಟೆ. ಚಪ್ಪಾಳೆ ಬಿತ್ತು.

ಆಟಗಾರ ಅಂದಕೂಡಲೇ ನಮ್ಮವರು ಬೈಬಲಿನ ಪೌಲನನ್ನು ಕರೆಯುತ್ತಾರೆ. ಓಟಗಾರ, ಗಾಳಿಯನ್ನು ಗುದ್ದದ ಗುದ್ದಾಟಗಾರ, ಬಾಡಿಹೋಗುವ ಕಿರೀಟ, ಎಲ್ಲಾ ಅವನು ಗ್ರೀಸಿನ ಕೊರಿಂಥ ಊರಿನವರಿಗೆ ಬರೆದ ಮೊದಲ ಪತ್ರದಲ್ಲಿದೆ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಪೌಲ ಆ ಜನರಿಗೆ ಗೊತ್ತಿದ್ದ ಆಟದ ಮಾತೇ ಆಡಿದ. ಆದರೆ ಅವೆಲ್ಲ ಒಂಟಿ ಆಟ, ಅಲ್ವಾ? ಪೌಲನಿಗೆ ಪಾಪ, ಕಬಡ್ಡಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಗಲಾತ್ಯದವರಿಗೆ ಬರೆದನಲ್ಲ, ಒಬ್ಬರ ಭಾರ ಒಬ್ಬರು ಹೊರಿ ಅಂತ, ಅಲ್ಲಿ ಖಂಡಿತ ಸೇರಿಸುತ್ತಿದ್ದ.

ಬ್ಯಾಡಗಿ ಕಡೆಯ ಒಂದು ಜಾತ್ರೆ ಪಂದ್ಯ ನೆನಪಿದೆ. ಮಣ್ಣಿನ ಅಂಕಣ. ಮೊದಲ ರೈಡಿಗೇ ತೊಡೆ ತಟ್ಟಿ ನುಗ್ಗಿದೆ. ಮೂಲೆಯವನು ಪಾದದ ಗಂಟು ಹಿಡಿದ, ಉಳಿದವರು ಮೇಲೆ ಬಿದ್ದರು. ಔಟ್. ಹೋಗಿ ಹೊರಗೆ ಕೂತೆ. ಬಾಯಲ್ಲೆಲ್ಲ ಮಣ್ಣು.

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಔಟಾದವನು ತಾನಾಗಿ ಒಳಗೆ ಬರುವ ಹಾಗಿಲ್ಲ. ಎಷ್ಟೇ ತಾಕತ್ತಿರಲಿ, ಗೆರೆಯ ಆಚೆ ಕೂತಿರಬೇಕು. ಒಳಗಿದ್ದ ತನ್ನವರು ಎದುರಿನವನೊಬ್ಬನನ್ನು ಔಟ್ ಮಾಡಿದರೆ ಇವನಿಗೆ ಜೀವ. ಮೊದಲು ಔಟಾದವನು ಮೊದಲು ಒಳಗೆ. ಬೋನಸ್ ಪಾಯಿಂಟ್ ಬಂದರೆ ಸ್ಕೋರ್ ಏರುತ್ತೆ, ಜೀವ ಬರೋದಿಲ್ಲ. (ಸಭೆಯಲ್ಲಿ ನನಗೆ ಸಿಕ್ಕ ಬುದ್ಧಿಮಾತು ಮುಕ್ಕಾಲು ಪಾಲು ಬೋನಸ್.)

ಅವತ್ತು ನಮ್ಮವರು ಒಬ್ಬೊಬ್ಬರಾಗಿ ಔಟಾಗಿ ಬಂದು ನನ್ನ ಪಕ್ಕ ಕೂತರು. ಕೊನೆಗೆ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಚೀಲ ಹೊಲಿಯುತ್ತಿದ್ದ ಒಬ್ಬ ಸಣಕಲ ಹುಡುಗ ಎದುರಿನ ರೈಡರ್‌ನ ಸೊಂಟಕ್ಕೆ ನೇತುಬಿದ್ದ. ಬಿಡಲೇ ಇಲ್ಲ. ನಾನು ಎದ್ದು ಒಳಗೆ ಹೋದೆ. ಪಂದ್ಯ ಗೆದ್ದೆವಾ ಅಂತ ಕೇಳಬೇಡಿ, ಸೋತೆವು.

ಹಾಗಾಗಿ "ಏಳು ವರ್ಷ ಯಾಕೆ" ಅನ್ನೋ ಬದಲು "ನೀ ಹೊರಗ ಕೂತಾಗ ಒಳಗ ಯಾರಿದ್ರು" ಅಂತ ಕೇಳಿ. ಅದಕ್ಕೆ ನನ್ನ ಹತ್ತಿರ ಉತ್ತರ ಇದೆ.

ಬೆಟಗೇರಿಯ ನೇಕಾರ, ನಮ್ಮ ಸಭೆಯ ಒಬ್ಬ ಅಣ್ಣ. ದಿನಾ ಸಂಜೆ ಆರೂವರೆಗೆ ಟಿವಿಎಸ್ ತಂದು ಮನೆ ಮುಂದೆ ನಿಲ್ಲಿಸುತ್ತಿದ್ದರು. ಗಾಡಿ ಬಂದ್ ಮಾಡುತ್ತಿರಲಿಲ್ಲ. "ಬಾರೋ, ನೂಲಿನ ಗಂಟು ಹಿಡ್ಕೊಳ್ಳಾಕ ಒಬ್ರು ಬೇಕು." ನಾನು ಹಿಂದೆ ಕೂತು ಎರಡೂ ಕೈಯಲ್ಲಿ ಗಂಟು ಅಪ್ಪಿಕೊಳ್ಳುತ್ತಿದ್ದೆ. ಎರಡು ಮೂರು ಮಗ್ಗದ ಮನೆ ಸುತ್ತಿ ಬರುವಷ್ಟರಲ್ಲಿ ಒಂಬತ್ತಾಗುತ್ತಿತ್ತು. ಅವರು ಒಂದು ಬೈಬಲ್ ವಚನ ಹೇಳಲಿಲ್ಲ. ಎರಡು ಸಲ ನಾನು ಮತ್ತೆ ಕುಡಿದೆ. ಮಾರನೇ ದಿನ ಆರೂವರೆಗೆ ಗಾಡಿ ಬಂತು. ಅವರಿಗೆ ನಿಜವಾಗಿ ಆಳು ಬೇಕಿತ್ತಾ, ಸುಮ್ನೆ ಕರೆಯುತ್ತಿದ್ದರಾ, ಇವತ್ತಿಗೂ ಕೇಳಿಲ್ಲ.

ಹೋದ ತಿಂಗಳಿಂದ ನಾನು ಒಬ್ಬ ಹುಡುಗನ ಮನೆ ಮುಂದೆ ಆರೂವರೆಗೆ ಹಾರ್ನ್ ಹೊಡೆಯುತ್ತಿದ್ದೇನೆ. ನನ್ನ ಹತ್ತಿರ ನೂಲಿನ ಗಂಟಿಲ್ಲ. ಅದಕ್ಕೆ ಮೊನ್ನೆ ಅವನ ಕೈಗೆ ನಮ್ಮ ಮನೆಯ ಖಾಲಿ ಸಿಲಿಂಡರ್ ಕೊಟ್ಟು ಹಿಂದೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಬೈದ.