ಕನ್ನಡ ಫಾಂಟ್ ಪ್ಯಾಕೇಜಿಗೆ ವಿಎಂ ಪರೀಕ್ಷೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡವೂ ಬೇಕು, ಮಲಯಾಳವೂ ಬೇಕು. ಅಂಥಲ್ಲಿಗೆ ಫಾಂಟಿನ ಡೆಬ್ ಪ್ಯಾಕೇಜ್ (ಡೆಬಿಯನ್ ಲಿನಕ್ಸಿನ ಇನ್‌ಸ್ಟಾಲ್ ಫೈಲ್) ಮಾಡುವವರು ತಮ್ಮ ಲ್ಯಾಪ್‌ಟಾಪಿನಲ್ಲಿ ಸರಿ ಕಂಡಿತೆಂದು ಹಂಚಲೇಬಾರದು. ಅಲ್ಲಿ ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಮೊದಲೇ ಕೂತಿರುತ್ತವೆ. ಹೊಸ ಫಾಂಟ್ ಕೆಟ್ಟಿದ್ದರೂ ಅವು ಅಕ್ಷರ ತೋರಿಸಿ ದೋಷ ಮುಚ್ಚಿಬಿಡುತ್ತವೆ.

ಹೊಸ ವಿಎಂನಲ್ಲಿ (ಕಂಪ್ಯೂಟರಿನೊಳಗೆ ಓಡುವ ಕಲ್ಪಿತ ಕಂಪ್ಯೂಟರ್) ಪ್ಯಾಕೇಜ್ ಹಾಕಿ ಪರೀಕ್ಷಿಸುವ ಡೆಬಿಯನ್ನಿನ ಆಟೊಪಿಕೆಜಿಟೆಸ್ಟ್ ಇದಕ್ಕೆಂದೇ ಇದೆ. ಅದರ ಜೊತೆಗೇ ಬರುವ ಬಿಲ್ಡ್-ಕ್ಯೂಇಎಂಯು (autopkgtest-build-qemu) ಕಮಾಂಡಿನಿಂದ ಡೆಬಿಯನ್ 12ರ ಇಮೇಜ್ (ವಿಎಂನ ಡಿಸ್ಕ್ ಫೈಲ್) ಒಮ್ಮೆ ತಯಾರಿಸಿಟ್ಟರೆ ಸಾಕು. ಪ್ರತಿ ಸಲವೂ ಬದಲಾವಣೆಗಳೆಲ್ಲ ಮೇಲ್ಪದರಕ್ಕೆ ಹೋಗುತ್ತವೆ, ಮೂಲ ಇಮೇಜ್ ಹಾಗೇ ಉಳಿಯುತ್ತದೆ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಲಿ. ಆ ಸೌಲಭ್ಯ ಬಳಸಿ ವಿಎಂಗೆ ವೇಗ ಕೊಡುವ ಕೆವಿಎಂ ಸಿಗದಿದ್ದರೆ ವಿಎಂ ಬೂಟ್ ಆಗುವಷ್ಟರಲ್ಲೇ ಟೈಮ್‌ಔಟ್ ಆಗಬಹುದು.

ಟೆಸ್ಟಿನಲ್ಲಿ ಫಾಂಟಿನ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಸಾಲದು. ಫಾಂಟ್ ಅಕ್ಷರಗಳನ್ನು ಹೇಗೆ ಜೋಡಿಸುತ್ತದೆಂದು ತೋರಿಸುವ ಎಚ್‌ಬಿ-ಶೇಪ್‌ಗೆ ಫಾಂಟ್ ಫೈಲಿನ ಪೂರ್ತಿ ವಿಳಾಸ ಕೊಟ್ಟು, ಊರಿನ ಹೆಸರುಗಳನ್ನೇ ಓಡಿಸಿ: ಮಂಜೇಶ್ವರ, ಬದಿಯಡ್ಕ, ಪೆರ್ಲ, ನೀರ್ಚಾಲು. ಒತ್ತಕ್ಷರವೂ ಅರ್ಕಾವತ್ತೂ ಇವುಗಳಲ್ಲೇ ಸಿಗುತ್ತವೆ. 0ನೇ ಗ್ಲಿಫ್ (ಫಾಂಟಿನೊಳಗಿನ ಅಕ್ಷರದ ಚಿತ್ರ) ಬಂದರೆ ಫಾಂಟಿನಲ್ಲಿ ಆ ಅಕ್ಷರವೇ ಇಲ್ಲ. ‘ಡ್ಕ’ದಲ್ಲಿ ಹಲಂತ (್ ಚಿಹ್ನೆ) ಬೇರೆ ಗ್ಲಿಫ್ ಆಗಿ ಉಳಿದರೆ ಒತ್ತು ಕೂಡಿಲ್ಲ, ಅಕ್ಷರ ಕೂಡಿಸುವ ಜಿಎಸ್‌ಯುಬಿ ನಿಯಮ ತಪ್ಪಿದೆ.

ಆಮೇಲೆ ಮಲಯಾಳ ಫಾಂಟನ್ನೂ ಇನ್‌ಸ್ಟಾಲ್ ಮಾಡಿಸಿ, ಎಫ್‌ಸಿ-ಮ್ಯಾಚ್‌ನಿಂದ ಎರಡೂ ಭಾಷೆಗೆ ಯಾವ ಫಾಂಟ್ ಬರುತ್ತದೆಂದು ಕೇಳಿ. ಫಾಂಟ್ ಆರಿಸುವ ಫಾಂಟ್‌ಕಾನ್ಫಿಗ್ ಫೈಲಿನಲ್ಲಿ ಭಾಷೆಯ ಷರತ್ತು ಹಾಕದೆ ಆದ್ಯತೆ ಕೊಟ್ಟರೆ ಕನ್ನಡ ಫಾಂಟ್ ಎಲ್ಲದಕ್ಕೂ ಮುಂದೆ ನಿಲ್ಲುತ್ತದೆ. ಗಡಿನಾಡಿಗೆ ಈ ಟೆಸ್ಟ್ ತಪ್ಪಿಸುವಂಥದ್ದಲ್ಲ.

ಉತ್ತರ ಸರಿಯಿದ್ದೂ ಟೆಸ್ಟ್ ಫೇಲ್ ಆದರೆ ಎರರ್ ಔಟ್‌ಪುಟ್ ನೋಡಿ. ಅಲ್ಲಿ ಒಂದು ಸಾಲು ಬಂದರೂ ಫೇಲ್ ಎಂದೇ ಲೆಕ್ಕ. ಸಾಮಾನ್ಯವಾಗಿ ಅದು ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ಇಲ್ಲವೆಂಬ ಎಚ್ಚರಿಕೆ. ಬರೀ ಇಮೇಜಿನಲ್ಲಿ ಕನ್ನಡ ಲೊಕೇಲ್ ಇರುವುದಿಲ್ಲ, ಟೆಸ್ಟಿನೊಳಗೇ ತಯಾರಿಸಿಕೊಳ್ಳಬೇಕು. ‘ಅಲೌ-ಎಸ್‌ಟಿಡಿಎರರ್’ (allow-stderr, ಎರರ್ ಔಟ್‌ಪುಟ್ ಇದ್ದರೂ ಸರಿ ಎಂಬ ಸೂಚನೆ) ಹಾಕಿ ಬಾಯಿ ಮುಚ್ಚಿಸಿದರೆ ನಾಳೆ ಬರುವ ನಿಜವಾದ ದೋಷವೂ ಕಾಣದೆ ಹೋಗುತ್ತದೆ.

ಫಾಂಟಿಗಷ್ಟೇ ಆದರೆ ಕಂಟೇನರ್ (ವಿಎಂಗಿಂತ ಹಗುರವಾದ ಪ್ರತ್ಯೇಕ ಪರಿಸರ) ಸಾಕು. ಕೀಲಿಮಣೆ ಸೆಟ್ಟಿಂಗ್ ರೀಬೂಟ್ ಆದ ಮೇಲೂ ಉಳಿಯುತ್ತದೆಯೇ ಎಂದು ನೋಡಲು ವಿಎಂ ಒಳ್ಳೆಯದು. ರೀಬೂಟ್ ನಂತರ ಟೆಸ್ಟ್ ಸ್ಕ್ರಿಪ್ಟ್ ಮೊದಲಿಂದಲೇ ಓಡುತ್ತದೆ. ರೀಬೂಟ್-ಮಾರ್ಕ್ ವೇರಿಯಬಲ್ ನೋಡಿ ಮುಂದಿನ ಹಂತಕ್ಕೆ ಹೋಗುವಂತೆ ಬರೆಯದಿದ್ದರೆ ರೀಬೂಟ್ ಮುಗಿಯುವುದೇ ಇಲ್ಲ.

ಎಕ್ಸಿಟ್ ಕೋಡ್ (ಕೊನೆಗೆ ಆಟೊಪಿಕೆಜಿಟೆಸ್ಟ್ ಕೊಡುವ ಸಂಖ್ಯೆ) 4 ಬಂದರೆ ಟೆಸ್ಟ್ ಫೇಲ್. 16 ಬಂದರೆ ಕೆಟ್ಟದ್ದು ವಿಎಂ. ಪ್ಯಾಕೇಜ್ ಕೆದಕಬೇಡಿ, ಇಮೇಜ್ ಹೊಸದಾಗಿ ಕಟ್ಟಿ.